ಸಂಪಾದಕರ ಉತ್ತರ: ಸ್ಟಾಲಿನ್ ಸಾವು, ನಮ್ಮ ನಗು

(ಪತ್ರದ ಸಾರ: ‘ದ ಡೆತ್ ಆಫ್ ಸ್ಟಾಲಿನ್’ ನೋಡಲೇಬೇಕಾದ ಚಿತ್ರ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನೋಡಿದೆ, ನಕ್ಕೆ, ಆಮೇಲೆ ನಾಚಿಕೆಯಾಯಿತು. ಲಕ್ಷಾಂತರ ಜನರ ಜೀವ ತೆಗೆದ ಆಳ್ವಿಕೆ ತಮಾಷೆಯ ವಸ್ತುವೇ? ಅದರಲ್ಲಿ ಎಷ್ಟು ನಿಜ? ಸ್ಟಾಲಿನ್ ಮಗಳ ಗತಿ ಮುಂದೇನಾಯಿತು? — ಶಿವಮೊಗ್ಗದ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು)

ಪ್ರಿಯ ಮೇಷ್ಟ್ರೇ,

ನಾಚಿಕೆಯಾಯಿತು ಎಂದಿದ್ದೀರಲ್ಲ, ಮೊದಲ ಸಲ ನೋಡಿದಾಗ ನನಗೂ ಹಾಗೇ ಆಗಿತ್ತು. ಎರಡನೇ ಸಲ ನೋಡುವಾಗ, ನಾನು ಎಲ್ಲೆಲ್ಲಿ ನಗುತ್ತಿದ್ದೇನೆ ಎಂದು ಗಮನಿಸಿದೆ. ಹೆದರಿದ ಮನುಷ್ಯ ಏನೆಲ್ಲ ಮಾಡುತ್ತಾನೆ ಎಂದು ತೋರಿಸುವ ಕಡೆಗಳಲ್ಲೆಲ್ಲ ನಗು ಬರುತ್ತಿತ್ತು.

ಆರಂಭದ ದೃಶ್ಯವನ್ನೇ ನೆನಪಿಸಿಕೊಳ್ಳಿ. ರೇಡಿಯೊದಲ್ಲಿ ಮೊಜಾರ್ಟ್ ಸಂಗೀತ ಕಚೇರಿ ಮುಗಿದಿದೆ. ಸ್ಟಾಲಿನ್‌ಗೆ ಅದರ ಧ್ವನಿಮುದ್ರಣ ಬೇಕಂತೆ. ಮುದ್ರಿಸಿಕೊಂಡೇ ಇಲ್ಲ! ಹೊರಟವರನ್ನು ತಡೆದು ಕೂರಿಸಿ, ಬೀದಿಯಿಂದ ಜನರನ್ನು ತಂದು ತುಂಬಿಸಿ, ಇಡೀ ಕಚೇರಿಯನ್ನು ಮತ್ತೆ ನುಡಿಸುತ್ತಾರೆ. ಅಷ್ಟರಲ್ಲಿ ವಾದ್ಯವೃಂದದ ನಿರ್ದೇಶಕ ಬಿದ್ದು ಪ್ರಜ್ಞೆ ತಪ್ಪುತ್ತಾನೆ. ಇನ್ನೊಬ್ಬನನ್ನು ರಾತ್ರೋರಾತ್ರಿ ಮನೆಯಿಂದ ಕರೆತರಬೇಕು. ಬಾಗಿಲು ಬಡಿದದ್ದೇ ತಡ, ಹಿಡಿದುಕೊಂಡು ಹೋಗಲು ಬಂದರೆಂದು ಆತ ಹೆಂಡತಿಗೆ ಕೊನೆಯ ಮಾತು ಹೇಳಿಬಿಡುತ್ತಾನೆ. ಅಲ್ಲಿ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಪಿಯಾನೊ ವಾದಕಿ ಮರಿಯಾ ಯೂದಿನಾ ಬಗ್ಗೆ ಬಹುಕಾಲದಿಂದ ಹೇಳಿಕೊಂಡು ಬಂದ ಕಥೆ ಇದು. ಇದನ್ನು ನಿಜವೆಂದು ಪಾಠ ಮಾಡಲಾಗದು, ಒಪ್ಪುತ್ತೇನೆ.

ಆದರೆ ಮುಂದಿನದು ನೋಡಿ. 1953ರ ಮಾರ್ಚ್ 1. ಮಾಸ್ಕೋ ಹೊರವಲಯದ ಕುಂತ್ಸೆವೊ ಮನೆಯಲ್ಲಿ ಸ್ಟಾಲಿನ್ ಬೆಳಗಿನಿಂದ ಕೋಣೆಯಾಚೆ ಬಂದಿಲ್ಲ. ಕರೆಯದೆ ಒಳಹೋಗುವ ಧೈರ್ಯ ಕಾವಲುಗಾರರಲ್ಲಿ ಯಾರಿಗೂ ಇಲ್ಲ. ರಾತ್ರಿ ಒಳಗೆ ಹೋದವನಿಗೆ ಕಂಡದ್ದು, ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಮಾತಿಲ್ಲದೆ ಬಿದ್ದ ದೇಹ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಸ್ಟಾಲಿನ್ ಅವರ ಖಾಸಗಿ ವೈದ್ಯ ವಿನೊಗ್ರಾದೊವ್ ಆಗ ಜೈಲಿನಲ್ಲಿದ್ದರು. ವೈದ್ಯರೇ ಸೇರಿ ನಾಯಕರನ್ನು ಕೊಲ್ಲಲು ಸಂಚು ಹೂಡಿದ್ದಾರೆಂಬ ಸುಳ್ಳು ಆರೋಪದ ಮೇಲೆ ಬಂಧಿಸಲಾಗಿದ್ದ ಹಲವರಲ್ಲಿ ಅವರೂ ಒಬ್ಬರು. ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಇಷ್ಟೂ ಇತಿಹಾಸ. ನಿರ್ದೇಶಕ ಅರ್ಮಾಂಡೊ ಇಯಾನುಚ್ಚಿ ಇದಕ್ಕೆ ಹೊಸದಾಗಿ ತಮಾಷೆ ಬೆರೆಸಬೇಕಾಗಿಯೇ ಇರಲಿಲ್ಲ.

ಸ್ಟಾಲಿನ್ ಸಂಪುಟದ ಹಿರಿಯ ಸಚಿವ ಮೊಲೊಟೊವ್ ಪಾತ್ರ ನಿಮಗೆ ಅತಿಯೆನಿಸಿದೆ. ನಿಜದ ಮೊಲೊಟೊವ್, ಹೆಂಡತಿ ಪೊಲಿನಾರನ್ನು ಪಕ್ಷದಿಂದ ಹೊರಹಾಕುವಾಗ ಮತ ಹಾಕದೆ ಸುಮ್ಮನಿದ್ದರು. ಕೆಲವೇ ವಾರಗಳಲ್ಲಿ, ಹಾಗೆ ಸುಮ್ಮನಿದ್ದದ್ದೇ ತಪ್ಪು ಎಂದು ಸ್ಟಾಲಿನ್‌ಗೆ ಬರೆದುಕೊಟ್ಟರು. 1949ರಲ್ಲಿ ಆಕೆಯ ಬಂಧನವಾಯಿತು. ಸ್ಟಾಲಿನ್ ಸತ್ತ ಕೆಲವೇ ದಿನಗಳಲ್ಲಿ ಬಿಡುಗಡೆಯೂ ಆಯಿತು. ಇಬ್ಬರೂ ಮತ್ತೆ ಸಂಸಾರ ಮಾಡಿದರು, ಸ್ಟಾಲಿನ್ ಮೇಲಿನ ನಿಷ್ಠೆಯನ್ನು ಕೊನೆಯವರೆಗೂ ಬಿಡಲಿಲ್ಲ. ಚಿತ್ರದಲ್ಲಿ ಹೆಂಡತಿಯನ್ನು ದ್ರೋಹಿ ಎನ್ನುತ್ತಿರುವಾಗಲೇ ಆಕೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳಲ್ಲ, ಅಲ್ಲಿ ಆ ಪಾತ್ರದ ನಟ ಮೈಕೆಲ್ ಪೇಲಿನ್ ಮುಖವನ್ನು ಇನ್ನೊಮ್ಮೆ ನೋಡಿ. ದಯವಿಟ್ಟು ನೋಡಿ.

ಸ್ವಾತಂತ್ರ್ಯ ವಹಿಸಿದ್ದೂ ಇದೆ. ಗೂಢ ಪೊಲೀಸ್ ಪಡೆಯ ಮುಖ್ಯಸ್ಥ ಬೆರಿಯಾ ಬಂಧನವಾದದ್ದು ಅದೇ 1953ರ ಜೂನ್ 26ರಂದು, ಗುಂಡಿಕ್ಕಿದ್ದು ಡಿಸೆಂಬರ್ 23ರಂದು; ಚಿತ್ರದಲ್ಲಿ ಎಲ್ಲವೂ ಅಂತ್ಯಕ್ರಿಯೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಅಂತಿಮ ದರ್ಶನಕ್ಕೆ ಬಂದವರು ಸತ್ತದ್ದು ನೂಕುನುಗ್ಗಲಲ್ಲಿ ಸಿಕ್ಕಿ, ತೆರೆಯ ಮೇಲೆ ಕಾಣುವಂತೆ ಗುಂಡೇಟಿಗಲ್ಲ. ಸತ್ತವರ ಬಗ್ಗೆ ಇಂಥ ಬದಲಾವಣೆ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಆಕ್ಷೇಪ ಅಲ್ಲಿ ಸರಿ. ರಷ್ಯಾ ಸರ್ಕಾರ 2018ರ ಜನವರಿಯಲ್ಲಿ, ಬಿಡುಗಡೆಗೆ ಎರಡು ದಿನವಿರುವಾಗ ಅನುಮತಿ ಹಿಂತೆಗೆದುಕೊಂಡಿತಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಮಗಳು ಸ್ವೆಟ್ಲಾನಾ ಮುಂದೆ ಅಪ್ಪನ ಹೆಸರು ಬಿಟ್ಟು ತಾಯಿಯ ಮನೆತನದ ಹೆಸರು ಇಟ್ಟುಕೊಂಡರು. ಉತ್ತರಪ್ರದೇಶದ ಕಾಲಾಕಾಂಕರ್‌ನ ಬ್ರಜೇಶ್ ಸಿಂಗ್ ಅವರನ್ನು ಪ್ರೀತಿಸಿದರು. ಮದುವೆ ನೋಂದಾಯಿಸಲು ಸೋವಿಯತ್ ಸರ್ಕಾರ ಬಿಡಲಿಲ್ಲ. 1966ರಲ್ಲಿ ಅವರು ಮಾಸ್ಕೋದಲ್ಲಿ ತೀರಿಕೊಂಡಾಗ ಚಿತಾಭಸ್ಮ ಹಿಡಿದು ಭಾರತಕ್ಕೆ ಬಂದ ಸ್ವೆಟ್ಲಾನಾ, ಗಂಗೆಯ ದಂಡೆಯ ಆ ಊರಿನಲ್ಲೇ ಉಳಿದುಬಿಡಬೇಕೆಂದು ಆಸೆಪಟ್ಟರು. ಅದಕ್ಕೂ ಅವಕಾಶ ಸಿಗಲಿಲ್ಲ. 1967ರ ಮಾರ್ಚ್ 6ರ ಸಂಜೆ, ಆಶ್ರಯ ಕೇಳಿ ದೆಹಲಿಯ ಅಮೆರಿಕ ರಾಯಭಾರ ಕಚೇರಿಯೊಳಗೆ ಒಬ್ಬರೇ ಹೋದರು.

— ಸಂ.