ಮೂರನೇ ಕ್ಲಾಸಿನ ಮಗಳು ಇನ್ನೂ ಬೆರಳು ಎಣಿಸುತ್ತಾಳೆ, ಮೆದುಳಿನ ಸ್ಕ್ಯಾನ್ ಮಾಡಿಸಬೇಕಾ?

ಇದಕ್ಕಾಗಿ ಸ್ಕ್ಯಾನ್ ಬೇಡ. 8+7 ಅಂದರೂ ಬೆರಳು ಎಣಿಸುತ್ತಾಳೆ, ಇವತ್ತು ಕಲಿತ ಮಗ್ಗಿ ನಾಳೆಗೆ ಮರೆತಿರುತ್ತಾಳೆ, ಎಂಆರ್‌ಐ ಮಾಡಿಸಿದರೆ ಕಾರಣ ಸಿಗುತ್ತಾ ಅಂತ ಕೇಳಿದ್ದೀರಿ. ಲೆಕ್ಕ ತಲೆಗೆ ಹತ್ತದ ಮಕ್ಕಳಿಗೆ ಪಾಠ ಹೇಳಿಕೊಡುವುದೇ ನನ್ನ ಕೆಲಸ. ನಿಮ್ಮ ಸಂಕಟ ಅರ್ಥವಾಗುತ್ತೆ.

ಒಂದು ಮಗುವಿನ ಸ್ಕ್ಯಾನ್ ನೋಡಿ ಡಿಸ್‌ಕ್ಯಾಲ್ಕುಲಿಯಾ, ಅಂದರೆ ಲೆಕ್ಕ ಕಲಿಯುವುದರಲ್ಲೇ ಇರುವ ತೊಂದರೆ, ಇದೆ ಅಥವಾ ಇಲ್ಲ ಅಂತ ಹೇಳಲು ಆಗುವುದಿಲ್ಲ. ಸಂಶೋಧಕರು ನೋಡುವುದು ಮಕ್ಕಳ ಗುಂಪನ್ನು. ಮಗು ಯಂತ್ರದೊಳಗೆ ಅಲ್ಲಾಡದೆ ಮಲಗಿ ಲೆಕ್ಕ ಮಾಡುವಾಗ ಮೆದುಳಿನ ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತಿದೆ ಅನ್ನುವುದನ್ನು ರಕ್ತದ ಹರಿವಿನಿಂದ ಗುರುತಿಸುತ್ತಾರೆ. ಆಸ್ಪತ್ರೆಯ ಮಾಮೂಲಿ ಎಂಆರ್‌ಐನಲ್ಲಿ ಇದು ಕಾಣುವುದೂ ಇಲ್ಲ.

ಆದರೆ ಆ ಸಂಶೋಧನೆಯಲ್ಲಿ ನಿಮಗೆ ಬೇಕಾದ ಒಂದು ವಿಷಯ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೆದುಳಿನ ಸಂಶೋಧಕ ವಿನೋದ್ ಮೆನನ್ ಅವರ ತಂಡ ನಿಮ್ಮ ಮಗಳ ವಯಸ್ಸಿನ ಮಕ್ಕಳನ್ನೇ ನೋಡಿತು. ಲೆಕ್ಕದ ತೊಂದರೆ ಇದ್ದವರು 15, ಇಲ್ಲದವರು 15. ತೊಂದರೆ ಇದ್ದ ಮಕ್ಕಳ ಮೆದುಳು ಸುಮ್ನೆ ಕೂತಿರಲಿಲ್ಲ. ಸುಲಭದ ಕೂಡುವ ಲೆಕ್ಕಕ್ಕೂ ಬೇರೆಯವರಿಗಿಂತ ಜಾಸ್ತಿ ದುಡಿಯುತ್ತಿತ್ತು. 'ಇವಳು ತಲೆ ಓಡಿಸಲ್ಲ' ಅಂತೀವಲ್ಲ, ಅದು ಎಷ್ಟು ತಪ್ಪು ನೋಡಿ. ಆಮೇಲೆ ಎಂಟು ವಾರ ಒಬ್ಬೊಬ್ಬರಿಗೇ ಕೂರಿಸಿಕೊಂಡು ಕಲಿಸಿದರು. ಲೆಕ್ಕ ಸುಧಾರಿಸಿತು, ಮೆದುಳಿನ ಕೆಲಸವೂ ಬೇರೆ ಮಕ್ಕಳ ಹಾಗೇ ಆಯಿತು. ಇದು 2015ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅದೇ ತಂಡ ಇನ್ನೊಂದನ್ನೂ ತೋರಿಸಿತು: ಇಂಥ ಪಾಠದಿಂದ ಲೆಕ್ಕದ ಭಯವೂ ಇಳಿಯುತ್ತೆ. ಗುಂಪು ಸಣ್ಣದು ನಿಜ, ಎಂಟೇ ವಾರದಲ್ಲಿ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲಾರೆ. ಆದರೂ ನನಗೆ ಇದು ದೊಡ್ಡ ಧೈರ್ಯ.

ನಾನು ಮಾಡುವುದು ಇಷ್ಟೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆಯುತ್ತೇನೆ. ಎಂಟು ಮನೆಗೆ ಒಂದೊಂದು ಹುಣಸೆ ಬೀಜ, ಏಳು ಬೀಜ ಮಗುವಿನ ಕೈಯಲ್ಲಿ. ಮೊನ್ನೆ ಒಬ್ಬಳು ಖಾಲಿ ಇದ್ದ ಎರಡು ಮನೆ ತುಂಬಿದಳು. ಮುಷ್ಟಿ ಬಿಡಿಸಿ ಅಂಗೈ ನೋಡಿಕೊಂಡಳು. 'ಐದು ಉಳೀತು... ಹದಿನೈದಾ ಮಿಸ್?' ಅಂದಳು. ಬೆರಳು ಮುಟ್ಟಲಿಲ್ಲ. ಅಲ್ಲಿಗೆ ಬರಲು ನಮಗೆ ಮೂರು ವಾರ ಹಿಡಿದಿತ್ತು.

ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಲಿಕೆಯ ಪರೀಕ್ಷೆ ಮಾಡಿಸಿ. ಪೆನ್ನು, ಪೇಪರ್, ಮಾತುಕತೆಯಲ್ಲೇ ಆಗುವಂಥದ್ದು ಅದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ ಒಂದು ಪರೀಕ್ಷಾ ವಿಧಾನ ರೂಪಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್‌ಕ್ಯಾಲ್ಕುಲಿಯಾ ಕೂಡ ಸೇರಿದೆ, ಹಾಗಾಗಿ ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವಾಗ ಸರ್ಟಿಫಿಕೇಟ್ ಬೇಕಾಗುತ್ತೆ. ರಿಪೋರ್ಟ್ ಬರಲಿ ಅಂತ ಕಾಯಬೇಡಿ. ಬೀಜದ ಆಟ ಇವತ್ತು ಸಂಜೆಯೇ ಶುರು ಮಾಡಬಹುದು, ದಿನಕ್ಕೆ ಹತ್ತು ನಿಮಿಷ ಸಾಕು.