ಕಲ್ಲು ಎತ್ತುವ ಮೊದಲು ಟೇಪು ಹಿಡಿಯಿರಿ

ಪ್ರಶ್ನೆ: ನಮಸ್ಕಾರ ಅಕ್ಕ. ನಮ್ಮದು ಹೊಸನಗರ ಕಡೆ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಹಾಳು ಮಠವಿದೆ. ಜಂಬಿಟ್ಟಿಗೆ ಗೋಡೆ ಎದೆಮಟ್ಟಕ್ಕೆ ನಿಂತಿದೆ, ಒಂದು ಮೂಲೆಗೆ ಬಸರಿ ಮರ ಬೇರು ಬಿಟ್ಟಿದೆ. ಊರಿನ ಹುಡುಗರೆಲ್ಲ ಸೇರಿ ಜೆಸಿಬಿ ತರಿಸಿ ಕ್ಲೀನ್ ಮಾಡಿ, ಗೋಡೆಗೆ ಸಿಮೆಂಟ್ ಹಾಕಿಸೋಣ ಅಂತಿದ್ದೇವೆ. ಪುರಾತತ್ವ ಇಲಾಖೆಗೆ ಹೇಳಿದರೆ ತೋಟ ಹೋಗುತ್ತೆ ಅಂತ ಅಪ್ಪಯ್ಯನಿಗೆ ಹೆದರಿಕೆ. ಏನು ಮಾಡಲಿ?

ಉತ್ತರ: ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಅದೇ ದುಡ್ಡಲ್ಲಿ ತೋಟದ ಬಸಿಗಾಲುವೆ ತೆಗೆಸಿಕೊಳ್ಳಿ. ಮಠದ ಹತ್ತಿರ ಬೇಡ.

ಬಿದ್ದ ಕಲ್ಲು ಬಿದ್ದಲ್ಲೇ ಇದ್ದರೆ ಅದಕ್ಕೆ ಬೆಲೆ. ಬಾಗಿಲ ಚೌಕಟ್ಟು ಒಳಗೆ ಬಿದ್ದಿದೆಯಾ, ಹೊರಗಾ? ಅದರ ಕೆಳಗೆ ಹೆಂಚಿನ ಚೂರಿದೆಯಾ, ಮಸಿ ಇದೆಯಾ? ಮಾಡು ಮೊದಲು ಕುಸಿಯಿತೋ, ಬೆಂಕಿ ಬಿತ್ತೋ ಅನ್ನುವುದನ್ನು ಮುಂದೆ ಅಗೆದು ನೋಡುವವರು ಇದರಿಂದಲೇ ಹೇಳುತ್ತಾರೆ. ಬಕೆಟ್ ಒಂದು ಸಲ ಎಳೆದರೆ ಎಲ್ಲ ಕಲಸುಮೇಲೋಗರ.

ಮೊದಲು ನಕ್ಷೆ ಬರೆಯಿರಿ. ಟೇಪು, ದಾರ, ಎರಡು ಗೂಟ, ಗ್ರಾಫ್ ಹಾಳೆ ಸಾಕು. ಗೋಡೆಯ ಉದ್ದಕ್ಕೂ ಒಂದು ದಾರ ಬಿಗಿಯಾಗಿ ಕಟ್ಟಿ. ಪ್ರತಿ ಮೂಲೆ, ಪ್ರತಿ ಬಿದ್ದ ಕಲ್ಲು ಗೂಟದಿಂದ ದಾರದ ಗುಂಟ ಎಷ್ಟು ದೂರ, ಅಲ್ಲಿಂದ ದಾರಕ್ಕೆ ನೇರವಾಗಿ ಎಷ್ಟು ದೂರ ಅಂತ ಎರಡನ್ನೂ ಅಳೆಯಿರಿ. ಒಂದು ಮೀಟರಿಗೆ ಹಾಳೆಯಲ್ಲಿ 2 ಸೆಂ.ಮೀ. ಉತ್ತರ ದಿಕ್ಕು ಗುರುತು ಮಾಡಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಡಿಕೋಲು ಇಡಿ, ಸೆಲ್ಫಿ ಆಮೇಲೆ.

ನಂಬರ್ ಹಾಕುವುದು ನಕ್ಷೆಯ ಮೇಲೆ, ಕಲ್ಲಿನ ಮೇಲಲ್ಲ. ನಾನು ಕೆಲಸ ಕಲಿಯುತ್ತಿದ್ದ ವರ್ಷ ತೀರ್ಥಹಳ್ಳಿ ಕಡೆಯ ಒಂದು ಹಾಳು ಗುಡಿಯಲ್ಲಿ ಇನ್ನೂರು ಚಿಲ್ಲರೆ ಕಲ್ಲಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದೆ. ಪುಸ್ತಕಕ್ಕೆ ನಾಳೆ ಇಳಿಸಿದರಾಯ್ತು ಅಂತ ಹೊರಟುಬಂದೆ. ಮೇ ತಿಂಗಳು. ರಾತ್ರಿ ಅಡ್ಡಮಳೆ ಹೊಡೆಯಿತು. ಬೆಳಿಗ್ಗೆ ಹೋದರೆ ಕಲ್ಲುಗಳು ಮಿಂದು ಕೂತ ಹಾಗೆ ಲಕಲಕ ಅನ್ನುತ್ತಿದ್ದವು. ಒಂದು ನಂಬರೂ ಇರಲಿಲ್ಲ. ನಾಲ್ಕು ದಿನದ ಕೆಲಸ.

ಬಸರಿ ಬೇರನ್ನು ಎಳೆಯಬೇಡಿ. ಗೋಡೆ ಬಿರಿಸಿದ್ದೂ ಅದೇ, ಈಗ ಹಿಡಿದು ನಿಲ್ಲಿಸಿರುವುದೂ ಅದೇ. ಸದ್ಯಕ್ಕೆ ಕೊಂಬೆ ಸವರಿ ಭಾರ ಇಳಿಸಿ, ಉಳಿದದ್ದು ತಿಳಿದವರು ಬಂದಮೇಲೆ.

ಸಿಮೆಂಟ್ ಅಂತೂ ಖಂಡಿತ ಬೇಡ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಕುಡಿದದ್ದು ಬಿಸಿಲಿಗೆ ಆರಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರೆಲ್ಲ ಕಲ್ಲಿನ ಮೈಯಿಂದಲೇ ಹೊರಬರುತ್ತದೆ, ಜೊತೆಗೆ ಉಪ್ಪೂ ಬರುತ್ತದೆ. ಕೆಲವು ಮಳೆಗಾಲದಲ್ಲಿ ಸಂದಿ ಗಟ್ಟಿ, ಕಲ್ಲು ಪುಡಿ! ಈ ವರ್ಷ ಹಳೇ ನೀರುದಾರಿಯಲ್ಲಿ ಕಟ್ಟಿಕೊಂಡ ದರಗು, ಅಂದರೆ ಒಣ ಎಲೆ, ತೆಗೆಯಿರಿ, ಗೋಡೆ ಬುಡದಲ್ಲಿ ನೀರು ನಿಲ್ಲದಿದ್ದರೆ ಸಾಕು.

ಅಪ್ಪಯ್ಯನಿಗೆ ಹೇಳಿ: ಸುತ್ತ 100 ಮೀಟರ್ ಕಟ್ಟಡ ಕಟ್ಟಬಾರದು, ಆಚೆ 200 ಮೀಟರಿಗೆ ಅನುಮತಿ ಬೇಕು ಅನ್ನುವುದು ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ. ಅದೂ ಕಟ್ಟಡದ ಮಾತು, ಅಡಿಕೆ ಮರದ್ದಲ್ಲ. ಮಾಹಿತಿ ಕೊಟ್ಟ ಮಾತ್ರಕ್ಕೆ ತೋಟ ಹೋಗುವುದಿಲ್ಲ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ರಾಜ್ಯ ಪುರಾತತ್ವ ಇಲಾಖೆಯದು. ನಕ್ಷೆ, ಫೋಟೊ ಹಿಡಿದು ಅಪ್ಪಯ್ಯನನ್ನೂ ಕರೆದುಕೊಂಡೇ ಅಲ್ಲಿಗೆ ಹೋಗಿ.

ಪ್ರಶ್ನೆ: ಮೇಡಂ, ನಾನು ಶಿಕಾರಿಪುರದ ಕಾಲೇಜು ವಿದ್ಯಾರ್ಥಿನಿ. ಶಾಸನದ ಕಲ್ಲಿಗೆ ಮೈದಾ ಹಿಟ್ಟು ಉಜ್ಜಿದರೆ ಅಕ್ಷರ ಚೆನ್ನಾಗಿ ಕಾಣುತ್ತೆ ಅಂತಾರೆ. ಮಾಡಬಹುದಾ?

ಉತ್ತರ: ಬೇಡಮ್ಮ. ಹಿಟ್ಟು ಸಂದಿಯಲ್ಲಿ ಕೂತು ಬೂಸ್ಟು ಹಿಡಿಯುತ್ತೆ. ಅದನ್ನು ತೆಗೆಯಲು ಇನ್ಯಾರೋ ತಂತಿ ಬ್ರಷ್ ತರುತ್ತಾರೆ. ನಿಮ್ಮ ಬಳ್ಳಿಗಾವಿಯ ಕೋಡಿಯ ಮಠವನ್ನೇ ನೋಡಿ. ಅಲ್ಲಿ ವೇದ, ವ್ಯಾಕರಣದ ಪಾಠ, ಬಡವರಿಗೆ ಊಟ, ರೋಗಿಗಳಿಗೆ ಔಷಧಿ ಇತ್ತು ಅಂತ ನಮಗೆ ಹೇಳಿದ್ದು 1162ರ ಶಾಸನ. ಅಕ್ಷರ ಸವೆದಿದ್ದರೆ?

ಕತ್ತಲಾದಮೇಲೆ ಮನೆಯವರ ಜೊತೆ ಹೋಗಿ. ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಕಲ್ಲಿನ ಅಂಚಿಗೆ ತಾಗಿದ ಹಾಗೆ ಪಕ್ಕದಿಂದ ಹಿಡಿಯಿರಿ. ಪ್ರತಿ ಗೆರೆಯ ಒಳಗೂ ನೆರಳು ತುಂಬಿಕೊಂಡು, ಹಗಲಲ್ಲಿ ಬೋಳಾಗಿದ್ದ ಕಡೆಯೂ ಸಾಲು ಎದ್ದು ಬರುತ್ತೆ. ಎಡದಿಂದ ಒಂದು ಫೋಟೊ, ಮೇಲಿನಿಂದ ಒಂದು. ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಹೋಗಿ.