‘ಮನೆಗೆ ಕರೆದುಕೊಂಡು ಹೋಗಿ’ ಎಂದ ಮೇಲೂ ಚಿಕಿತ್ಸೆ ಇದೆಯೇ?

ತಾಯಿಗೆ ಬಾಯಿಯ ಕ್ಯಾನ್ಸರ್, ಮೂಗಿನ ನಳಿಕೆಯಲ್ಲಿ ಊಟ, ಬೆಂಗಳೂರಿನ ಹೊರವಲಯದಲ್ಲಿ ಶೀಟಿನ ಮನೆ, ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗದಿದ್ದರೆ ಒಲೆ ಉರಿಯದು. ವೈದ್ಯರು ‘ಇನ್ನು ಮಾಡುವುದೇನೂ ಇಲ್ಲ’ ಎಂದಿದ್ದಾರೆ, ಮುಂದೇನು ಎಂದು ಕೇಳಿದ್ದೀರಿ. ನಾನು ಇಂಥ ಮನೆಗಳಿಗೆ ಹೋಗುವ ಉಪಶಮನ ಆರೈಕೆಯ, ಅಂದರೆ ವಾಸಿಯಾಗದ ರೋಗದ ನೋವು ಸಂಕಟ ಇಳಿಸುವ ಆರೈಕೆಯ, ನರ್ಸ್. ವೈದ್ಯರ ಆ ಮಾತನ್ನು ಅರ್ಧ ಮಾತ್ರ ನಂಬಿ. ಗಡ್ಡೆಗೆ ಮಾಡುವುದು ಮುಗಿದಿರಬಹುದು, ನೋವಿಗೆ ಮಾಡುವುದು ಬೇಕಾದಷ್ಟಿದೆ.

ಈ ಹಂತದ ನೋವಿಗೆ ಬೀದಿಯ ಮೆಡಿಕಲ್ ಅಂಗಡಿಯ ಮಾತ್ರೆ ಸಾಕಾಗುವುದಿಲ್ಲ, ಅಫೀಮಿನಿಂದ ಬರುವ ಬಲವಾದ ನೋವಿನ ಔಷಧಿ ಮಾರ್ಫಿನ್ ಬೇಕಾಗುತ್ತದೆ. ಅದರ ಸಾದಾ ಮಾತ್ರೆ ದುಬಾರಿಯದ್ದಲ್ಲ, ಸಿಗುವುದೇ ಕಷ್ಟ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳೂ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಹಾದಿ ಸಡಿಲಿಸಿದರೂ ಆ ಹೆದರಿಕೆ ಪೂರ್ತಿ ಹೋಗಿಲ್ಲ. ಆದ್ದರಿಂದ ಕಿದ್ವಾಯಿ ಆಸ್ಪತ್ರೆಯ ಉಪಶಮನ ಆರೈಕೆ ವಿಭಾಗಕ್ಕೆ ಹೋಗಿ, ಇಲ್ಲವೇ ಮಾರತ್ತಹಳ್ಳಿಯ ಕರುಣಾಶ್ರಯಕ್ಕೆ ಫೋನ್ ಮಾಡಿ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಕರುಣಾಶ್ರಯದವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಮಾರ್ಫಿನ್ ಬರೆದುಕೊಟ್ಟರೆ ಚಟ ಹತ್ತೀತೆಂದು ನೆಂಟರು ಹೇಳುತ್ತಾರೆ. ಹೇಳಲಿ. ನೋವಿಗೆಂದು ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ಸಾದಾ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಸಾದಾ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕದಡಿ ನಳಿಕೆಯಲ್ಲಿ ಬಿಡಬಹುದು. ನಿಧಾನವಾಗಿ ಕರಗುವ ಬಗೆಯದನ್ನು ಮಾತ್ರ ಪುಡಿಮಾಡಲೇಬಾರದು, ಯಾವುದು ಯಾವುದೆಂದು ಕೇಳಿ ತಿಳಿದುಕೊಳ್ಳಿ. ಮಾರ್ಫಿನ್ ತೆಗೆದುಕೊಂಡರೆ ಮಲ ಕಟ್ಟಿಯೇ ಕಟ್ಟುತ್ತದೆ, ಅದರ ಔಷಧಿಯನ್ನೂ ಮೊದಲ ದಿನದಿಂದಲೇ ಕೇಳಿ ಪಡೆಯಿರಿ.

ನೀವು ಬರೆಯದ ಒಂದು ವಿಷಯವನ್ನೂ ಹೇಳುತ್ತೇನೆ: ವಾಸನೆ. ಕೆನ್ನೆಯ ಹುಣ್ಣು ಒಡೆದರೆ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಉಣ್ಣಲಾರರು, ಪಕ್ಕದವರು ಗೊಣಗುತ್ತಾರೆ, ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯತ್ತ ತಿರುಗಿ ಮಲಗುತ್ತಾರೆ. ಮೆಟ್ರೋನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಉದುರಿಸಿ ಬಟ್ಟೆ ಕಟ್ಟಿದರೆ ಕೆಲವೇ ದಿನಗಳಲ್ಲಿ ನಾತ ಇಳಿಯುತ್ತದೆ. ಡ್ರೆಸ್ಸಿಂಗ್ ಮಾಡುವ ಕ್ರಮವನ್ನು ನರ್ಸ್ ಎದುರಿಗೆ ನೀವೇ ಒಮ್ಮೆ ಮಾಡಿ ಕಲಿಯಿರಿ.

ಇಷ್ಟೆಲ್ಲ ಸಿಕ್ಕರೂ ಹಗಲು ಹೊತ್ತು ಪಕ್ಕದಲ್ಲಿ ಕೂರುವವರು ಯಾರು? ಬಡವರ ಮನೆಯ ನಿಜವಾದ ಕೊರತೆ ಇದೇ. ಮನೆಯಲ್ಲೇ ಆರೈಕೆ ಎಂದು ನಾವು ಸಲೀಸಾಗಿ ಉಪದೇಶಿಸುತ್ತೇವೆ. ಸಂಬಳವಿಲ್ಲದೆ ಮನೆಯಲ್ಲಿ ಉಳಿಯುವ ಒಬ್ಬ ಹೆಂಗಸು ಇದ್ದೇ ಇರುತ್ತಾಳೆಂದು ಅದರಲ್ಲಿ ಮೊದಲೇ ಲೆಕ್ಕ ಹಾಕಿರುತ್ತೇವೆ. ಕೇರಳ 2008ರಲ್ಲೇ ಉಪಶಮನ ಆರೈಕೆಗೆಂದು ನೀತಿ ಮಾಡಿ ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಮನೆಬಾಗಿಲಿಗೆ ಕಳಿಸಿತು, ನೆರೆಹೊರೆಯ ಸ್ವಯಂಸೇವಕರನ್ನು ಜೊತೆಗೆ ಸೇರಿಸಿಕೊಂಡಿತು. ಕರ್ನಾಟಕದ್ದೂ 2016ರ ನೀತಿ ಇದೆ. ಆದರೆ ನಾನು ಓಡಾಡುವ ಬಡಾವಣೆಗಳಲ್ಲಿ ಅದರ ಹೆಸರು ಕೇಳಿದವರು ಅಪರೂಪ.

ಆದ್ದರಿಂದ ಕೇಳಲು ಸಂಕೋಚಪಡಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ. ಕೂಲಿ ಬಿಡಲು ಆಗುವುದೇ ಇಲ್ಲ ಎಂಬುದನ್ನು ಕರುಣಾಶ್ರಯದವರಿಗೆ ಬಿಡಿಸಿ ಹೇಳಿ, ಅಲ್ಲಿ ಒಳರೋಗಿಯಾಗಿ ಸೇರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ವರದಿ, ಬಿಪಿಎಲ್ ಕಾರ್ಡು, ಈಗ ಕೊಡುತ್ತಿರುವ ಮಾತ್ರೆಗಳು, ಎಲ್ಲವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಮೊದಲ ಭೇಟಿಗೆ ತಾಯಿಯನ್ನು ಕರೆತರಲೇಬೇಕೇ, ದಾಖಲೆ ಹಿಡಿದು ನೀವೊಬ್ಬರೇ ಬಂದರೆ ಸಾಕೇ ಎಂದು ಆಟೋ ಹತ್ತುವ ಮೊದಲೇ ಫೋನಿನಲ್ಲಿ ಕೇಳಿಬಿಡಿ.